ಘಟ್ಟದ ಪಗಾರ

ಮುಂಬಯಿಯಿಂದ ಪುಣೆಗೆ ಬರುವ ಗಾಡಿ ಕರ್ಜತ್‌ನಲ್ಲಿ ಒಂದೆರಡು ನಿಮಿಷ ನಿಲ್ಲುತ್ತದೆ. ಜನ ವಡಾ ತಗೊಳ್ಳೋದಕ್ಕೆ ಇಳಿಯುತ್ತಾರೆ. ರೈಲ್ವೆಯವರು ಅದೇ ಹೊತ್ತಿಗೆ ಗಾಡಿಯ ಹಿಂದೆ ಇನ್ನೆರಡು ಎಂಜಿನ್ ಜೋಡಿಸುತ್ತಾರೆ. ಮುಂದೆ ಬೋರ್ ಘಾಟ್. ಮುಂದಿನ ಎಂಜಿನ್ ಒಂದರಿಂದಲೇ ಆ ಏರು ಹತ್ತೋದಿಲ್ಲ, ಹಿಂದಿನಿಂದ ತಳ್ಳಬೇಕು. ಹೀಗೆ ತಳ್ಳುವ ಎಂಜಿನ್‌ಗೆ ರೈಲ್ವೆಯವರು ಇಟ್ಟ ಹೆಸರು ‘ಬ್ಯಾಂಕರ್’. ಒಮ್ಮೆ ಪಕ್ಕದ ಸೀಟಿನಲ್ಲಿದ್ದ ಮರಾಠಿ ಹಿರಿಯರೊಬ್ಬರು ನನಗೆ ಇದನ್ನು ವಿವರಿಸಿ, ನೀವು ಏನು ಮಾಡ್ತೀರಿ ಅಂತ ಕೇಳಿದರು. ಬ್ಯಾಂಕಿನಲ್ಲಿದ್ದೇನೆ ಅಂದೆ. “ಹಾಗಾದರೆ ನೀವೂ ಹಿಂದಿನಿಂದ ತಳ್ಳುವವರೇ” ಅಂತ ನಕ್ಕರು. ನಾನೂ ನಕ್ಕೆ. ಆದರೆ ಹಿಂದಿನಿಂದ ತಳ್ಳಬೇಕಾದ ಹೊತ್ತಿನಲ್ಲಿ ಬ್ರೇಕು ಹಾಕಿ ಕೂತ ಪ್ರಸಂಗವೊಂದು ನನ್ನ ನೌಕರಿಯಲ್ಲಿ ನಡೆದಿದೆ. ಅದನ್ನು ಮುಂದೆ ಹೇಳುತ್ತೇನೆ.

ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದ ನನಗೆ ಮೊದಲಿನಿಂದ ಕೊನೆಯವರೆಗೂ ಸಿಕ್ಕಿದ್ದು ಮಹಾರಾಷ್ಟ್ರವೇ. ಕೊನೆಗೆ ಪುಣೆಯಲ್ಲೇ ಮನೆ ಮಾಡಿ ಉಳಿದೆ. ಮುಂಬಯಿ ಪ್ರಾದೇಶಿಕ ಕಚೇರಿಯಲ್ಲಿದ್ದ ವರ್ಷಗಳಲ್ಲಿ ವಾರಕ್ಕೊಮ್ಮೆ ಈ ಘಟ್ಟ ಹತ್ತಿ ಇಳಿದಿದ್ದೇನೆ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಮುಂಬಯಿಗೆ ಬರುವ ಕನ್ನಡಿಗರೆಲ್ಲ ಹಾದು ಹೋಗುವ ದಾರಿ ಇದು. ಸುರಂಗ ಬಂದರೆ ಮಕ್ಕಳು ಕೂಗುತ್ತವೆ, ದೊಡ್ಡವರು ಕಿಟಕಿ ಮುಚ್ಚುತ್ತಾರೆ. ನಿವೃತ್ತನಾದ ಮೇಲೆ, ಕೈಯಲ್ಲಿ ಹೊತ್ತು ಬಹಳ ಆದಾಗ, ಈ ದಾರಿ ಮಾಡಿದವರು ಯಾರು, ಒಬ್ಬೊಬ್ಬ ಮನುಷ್ಯ ದಿನಕ್ಕೆ ಎಷ್ಟು ಕೆಲಸ ಮಾಡಿರಬಹುದು ಅನ್ನುವ ಪ್ರಶ್ನೆ ತಲೆಗೆ ಹೊಕ್ಕಿತು. ಲೆಕ್ಕದ ಮನುಷ್ಯ ನೋಡಿ, ಪ್ರಶ್ನೆಯೂ ಲೆಕ್ಕದ್ದೇ.

1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಓಡಿತು. ಅಲ್ಲಿಯ ತನಕ ನೆಲ ಸಮತಟ್ಟು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಗೆ ಲಾಭ ಬರಬೇಕಾದರೆ ದಖ್ಖನ್ನಿನ ಹತ್ತಿ ಬಂದರಿಗೆ ಇಳಿಯಬೇಕು, ಅದಕ್ಕೆ ಸಹ್ಯಾದ್ರಿ ದಾಟಲೇಬೇಕು. ಮುಖ್ಯ ಎಂಜಿನಿಯರ್ ಜೇಮ್ಸ್ ಜಾನ್ ಬರ್ಕ್‌ಲಿ ಗುಡ್ಡವನ್ನು ಸರ್ವೆ ಮಾಡಿಸಿ, ಸುಮಾರು 25 ಕಿಲೋಮೀಟರ್ ಉದ್ದದಲ್ಲಿ 1,831 ಅಡಿ ಏರುವ ದಾರಿಯನ್ನು ಗೊತ್ತುಮಾಡಿದ. ಕೆಲವು ಕಡೆ 37 ಅಡಿಗೆ ಒಂದು ಅಡಿ ಏರು. 25 ಸುರಂಗ. ಒಂದು ಜಾಗದಲ್ಲಂತೂ ಗಾಡಿ ತಿರುಗಲು ನೆಲವೇ ಸಿಗದೆ, ನಿಂತು ಎಂಜಿನ್ನನ್ನು ಆ ತುದಿಯಿಂದ ಈ ತುದಿಗೆ ಬದಲಿಸಿ ಹಿಮ್ಮುಖವಾಗಿ ಹೋಗುವ ವ್ಯವಸ್ಥೆ ಮಾಡಿದರು. ಗುತ್ತಿಗೆ ಹಿಡಿದವನು ವಿಲಿಯಂ ಫೆವಿಯೆಲ್, ಠಾಣೆ ಲೈನನ್ನು ಮಾಡಿದವನೇ. 1856ರ ಆರಂಭದಲ್ಲಿ ಕೆಲಸ ಶುರುವಾಯಿತು.

1858ರ ಹೊತ್ತಿಗೆ ಕೆಳಗೆ ಖೋಪೋಲಿ ತನಕ ಒಂದು ಲೈನು, ಮೇಲೆ ಖಂಡಾಲಾದಿಂದ ಪುಣೆಗೆ ಇನ್ನೊಂದು ಲೈನು ಓಡುತ್ತಿತ್ತು. ನಡುವೆ ಘಟ್ಟ. ಪ್ರಯಾಣಿಕರು ಒಂದು ಗಾಡಿ ಇಳಿದು, ಪಲ್ಲಕ್ಕಿಯಲ್ಲೋ ತಟ್ಟುವಿನ ಮೇಲೋ ಗುಡ್ಡ ಹತ್ತಿ, ಮೇಲೆ ಇನ್ನೊಂದು ಗಾಡಿ ಹಿಡಿಯಬೇಕಿತ್ತು.

ಮುಂಬಯಿಯಿಂದ ಅರವತ್ತು ಎಪ್ಪತ್ತು ಮೈಲಿಯ ಈ ಜಾಗವನ್ನು ‘ದೂರದ ಪ್ರದೇಶ’ ಅಂತ ಹೇಗೆ ಕರೆಯೋದು ಅಂತ ನಿಮಗೆ ಅನ್ನಿಸಬಹುದು. ದೂರ ಅನ್ನೋದು ಮೈಲಿಯಲ್ಲಿ ಇರೋದಿಲ್ಲ. ಎಂಜಿನಿಯರ್ ಗೆರೆ ಎಳೆದ ಜಾಗದಲ್ಲಿ ಕಾಲಿಡೋಕೆ ಜಾಗವೇ ಇರಲಿಲ್ಲ. ಹಗ್ಗ ಕಟ್ಟಿ ಆಳುಗಳನ್ನು ಮೇಲಿನಿಂದ ಇಳಿಬಿಟ್ಟು, ಅವರು ಬಂಡೆಯಲ್ಲಿ ಮೊದಲ ತೂತು ಕೊರೆದು, ಮದ್ದು ತುಂಬಿ ಸಿಡಿಸಿ, ನಿಲ್ಲೋಕೊಂದು ಅಂಚು ಮಾಡಿಕೊಳ್ಳಬೇಕಿತ್ತು. ಆಗ ಡೈನಮೈಟ್ ಇಲ್ಲ, ನೊಬೆಲ್ ಅದಕ್ಕೆ ಪೇಟೆಂಟ್ ಪಡೆದದ್ದು 1867ರಲ್ಲಿ. ಇದ್ದದ್ದು ಕಪ್ಪು ಮದ್ದು, ಉಳಿ, ಸುತ್ತಿಗೆ. ಜೂನ್ ಬಂದರೆ ಮಳೆ, ಕೆಲಸ ಬಂದ್. ದಸರೆಯ ಹೊತ್ತಿಗೆ ಆಳುಗಳನ್ನು ಮತ್ತೆ ಕೂಡಿಸಬೇಕು. ಮಳೆಗಾಲದಲ್ಲಿ ಎಲ್ಲಿ ನೋಡಿದರೂ ನೀರು ಸುರಿಯುವ ಇದೇ ಗುಡ್ಡದಲ್ಲಿ ಮಾರ್ಚ್ ನಂತರ ಕುಡಿಯೋಕೂ ನೀರಿಲ್ಲ. ಅಕ್ಕಿ, ಜೋಳ, ಸೌದೆ, ಮದ್ದು, ಸುಣ್ಣ ಎಲ್ಲವೂ ಕೆಳಗಿನಿಂದ ಎತ್ತಿನ ಮೇಲೆ, ತಲೆಯ ಮೇಲೆ ಬರಬೇಕು.

ಆಳುಗಳ ಸಂಖ್ಯೆ 1856ರಲ್ಲಿ ಹತ್ತು ಸಾವಿರ, ಮಾರನೇ ವರ್ಷ ಇಪ್ಪತ್ತು ಸಾವಿರ, 1861ರ ಜನವರಿಯಲ್ಲಿ 42,000. ಅಗೆದ ಕಡಿತ ಸುಮಾರು 20 ಲಕ್ಷ ಘನ ಗಜ, ಅದರಲ್ಲಿ ಬಹುಪಾಲು ಕಲ್ಲು. ಏರಿಗೆ ಹಾಕಿದ ಮಣ್ಣು-ಕಲ್ಲು ಸುಮಾರು 24 ಲಕ್ಷ ಘನ ಗಜ. ಒಂದು ಮಧ್ಯಾಹ್ನ ಕ್ಯಾಲ್ಕ್ಯುಲೇಟರ್ ಹಿಡಿದು ಕೂತೆ. ಏಳು ಹಂಗಾಮು, ಹಂಗಾಮಿಗೆ ಇನ್ನೂರು ದಿನ, ಸರಾಸರಿ ಇಪ್ಪತ್ತೈದು ಸಾವಿರ ಜನ ಅಂತ ಹಿಡಿದರೆ ಮೂರೂವರೆ ಕೋಟಿ ಆಳು-ದಿನ. ಭಾಗಿಸಿದರೆ ತಲೆಗೆ ದಿನಕ್ಕೆ ಮೂರೂವರೆ ಘನ ಅಡಿ ಬಂತು. ಅಂದರೆ ಏಳೆಂಟು ಬುಟ್ಟಿ! ಒಂದು ಇಡೀ ದಿನಕ್ಕೆ ಇಷ್ಟೇನಾ ಅಂತ ನನಗೇ ಆಶ್ಚರ್ಯ. ಹನ್ನೆರಡು ತಾಸಿನ ದಿನದಲ್ಲಿ ಉಳಿದ ಹೊತ್ತು ಇವರೆಲ್ಲ ಬೀಡಿ ಸೇದುತ್ತಾ ಕೂತಿದ್ದರೇನು?

ಆಮೇಲೆ ತಾಳೆ ನೋಡುತ್ತಾ ಹೋದಂತೆ ಈ ಲೆಕ್ಕದ ತಪ್ಪುಗಳು ಒಂದೊಂದಾಗಿ ಹೊರಬಿದ್ದವು. ಹಂಗಾಮು, ದಿನ, ಸರಾಸರಿ ಜನ, ಈ ಮೂರೂ ನನ್ನ ಅಂದಾಜು. ಕಡಿದ ಕಲ್ಲಿನಲ್ಲಿ ಒಂದಷ್ಟು ಪಕ್ಕದ ಏರಿಗೆ ಹೋಗಿರುತ್ತದೆ, ಒಂದೇ ಸರಕು ಎರಡು ಕಡೆ ಜಮೆಯಾಗಿದೆ. ಮತ್ತೊಂದೆಡೆ ಸುರಂಗ, ಸೇತುವೆ, ಗೋಡೆಯ ಕೆಲಸ ಇದರಲ್ಲಿ ಬಂದೇ ಇಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ‘ಆಳು’ ಅನ್ನುವ ಅಂಕಣದಲ್ಲಿದೆ. ಆ ಸಾವಿರಾರು ಜನರಲ್ಲಿ ಬಂಡೆಗೆ ಉಳಿ ಹಿಡಿದವರು ಎಷ್ಟು? ಒಬ್ಬ ಕೊರೆಯುವವನ ಹಿಂದೆ ಉಳಿ ಹದ ಮಾಡುವ ಕಮ್ಮಾರ, ಚೂರು ಹೊರುವ ಹೆಂಗಸು, ಕೆಳಗಿನ ಹಳ್ಳದಿಂದ ಕೊಡ ಹೊತ್ತು ತರುವ ಹುಡುಗಿ, ಸೌದೆಯವನು, ಎತ್ತಿನವನು. ಊರಿನ ಹತ್ತಿರದ ಕೆಲಸದಲ್ಲಿ ಇವರ ಅರ್ಧ ಕೆಲಸವನ್ನು ಊರೇ ಮಾಡಿಬಿಡುತ್ತದೆ. ಬಾವಿ ಇರುತ್ತದೆ, ಅಂಗಡಿ ಇರುತ್ತದೆ. ಗುಡ್ಡದಲ್ಲಿ ನೀರು ತರೋದೂ ಹಾಜರಿ ಪುಸ್ತಕಕ್ಕೇ ಬೀಳುತ್ತದೆ.

ಆಗಿನ ಬಿಳಿಯರು ಹೇಳುತ್ತಿದ್ದ ಒಂದು ಕಥೆಯನ್ನು ಈಗಲೂ ಜನ ನಗುತ್ತಾ ಹೇಳುತ್ತಾರೆ. ಕೂಲಿಗಳಿಗೆ ಒಂಟಿ ಚಕ್ರದ ಕೈಗಾಡಿ ಕೊಟ್ಟರೆ, ಮಣ್ಣು ತುಂಬಿದ ಗಾಡಿಯನ್ನೇ ತಲೆ ಮೇಲೆ ಹೊತ್ತುಕೊಂಡರು ಅಂತ. ನನಗೆ ಈ ಕಥೆ ಸೇರೋದಿಲ್ಲ. ಆಡು ಮಾತ್ರ ನಿಲ್ಲಬಲ್ಲ ಇಳಿಜಾರಿನಲ್ಲಿ ಚಕ್ರ ಉರುಳಿಸೋದು ಎಲ್ಲಿ? ಬುಟ್ಟಿಯೇ ಸರಿ. ಗುದ್ದಲಿಯ ಕೆಲಸ ಗೊತ್ತಿಲ್ಲದ ಜನವೂ ಅವರಲ್ಲ. ಆ ಕಾಲದ ರೈಲ್ವೆ ಕೆಲಸದ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರುವ ಹೆಸರು ನಮ್ಮ ಕಡೆಯ ವಡ್ಡರದು. ದಖ್ಖನ್ನಿನ ಕೆರೆ, ಬಾವಿ, ಏರಿ ಕಟ್ಟಿದ ಕೈಗಳು. ಗಂಡ ಅಗೆದರೆ ಹೆಂಡತಿ ಮಕ್ಕಳು ಹೊರುತ್ತಾರೆ. ಇವರು ದಿನಗೂಲಿಗಿಂತ ಅಳತೆಯ ಕೂಲಿಯನ್ನೇ ಬಯಸುತ್ತಿದ್ದರು. ಅಗೆದ ಗುಂಡಿಯ ನಡುವೆ ಒಂದು ಮಣ್ಣಿನ ಕಂಬ ಬಿಟ್ಟಿರುತ್ತಾರಲ್ಲ, ಅದನ್ನು ನೋಡಿ ಎಷ್ಟು ಆಳ ಅಗೆದರು ಅಂತ ಅಳೆಯೋದು. ಚಿಕ್ಕಂದಿನಲ್ಲಿ ನಮ್ಮೂರ ಕೆರೆಯ ಹೂಳೆತ್ತುವಾಗ ಅಂಥ ಕಂಬಗಳನ್ನು ನಾನೇ ನೋಡಿದ್ದೇನೆ. ಕೆಲಸ ಅಳೆದು ಕೊಟ್ಟು, ಅಳತೆಯ ಹಣ ಕೈಗೆ ಬಂದರೆ ಅವರಷ್ಟು ಕೆಲಸ ಮಾಡುವವರು ಇಲ್ಲ ಅಂತ ಬಿಳಿಯ ಎಂಜಿನಿಯರುಗಳೇ ಒಪ್ಪಿದ್ದರು.

ಹಣ ಕೈಗೆ ಬಂದರೆ. ತೊಡಕು ಅಲ್ಲೇ ಇತ್ತು. ಕಂಪನಿ ಗುತ್ತಿಗೆದಾರನಿಗೆ ಕೊಡಬೇಕು, ಅವನು ಒಳಗುತ್ತಿಗೆಯವನಿಗೆ, ಅವನು ಮುಕಾದಮನಿಗೆ, ಮುಕಾದಮ ತನ್ನ ಗುಂಪಿಗೆ. ಮುಕಾದಮನ ಹತ್ತಿರ ಮೊದಲೇ ಮುಂಗಡ ತಗೊಂಡೇ ಆಳು ಊರು ಬಿಟ್ಟು ಬಂದಿರುತ್ತಾನೆ. ಒಂದೊಂದು ಮೆಟ್ಟಿಲಲ್ಲೂ ಹಣ ಸ್ವಲ್ಪ ಹೊತ್ತು ನಿಲ್ಲುತ್ತದೆ, ಸ್ವಲ್ಪ ಅಂಟಿಕೊಳ್ಳುತ್ತದೆ. 1859ರ ಜನವರಿ 20ರಂದು ಬೋರ್ ಘಾಟ್‌ನಲ್ಲಿ ಪಗಾರದ ಜಗಳ ಕೈಮೀರಿತು. ಬರಬೇಕಾದ ಕೂಲಿ ಬಾರದೆ ರೊಚ್ಚಿಗೆದ್ದ ಆಳುಗಳು ಯುರೋಪಿಯನ್ ಮೇಲ್ವಿಚಾರಕರ ಮೇಲೆ ಬಿದ್ದರು. ಸರ್ಕಾರ ನಡುಗಿತು. 1857ರ ದಂಗೆ ಮುಗಿದು ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ, ಗುಡ್ಡದಲ್ಲಿ ಸಾವಿರಾರು ಜನ ಸೇರಿದ್ದಾರೆ. ಅದೇ ವರ್ಷ ಫೆವಿಯೆಲ್ ಗುತ್ತಿಗೆ ಬಿಟ್ಟ.

ಈ ಪುಟ ಓದಿದ ದಿನ ನನಗೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಕಾರಣ ಇದೆ.

1993ರಲ್ಲಿ ನಾನು ಕೊಂಕಣದ ಒಂದು ತಾಲೂಕಿನ ಶಾಖೆಯಲ್ಲಿದ್ದೆ. ಊರಿನಿಂದ ಇಪ್ಪತ್ತು ಕಿಲೋಮೀಟರ್ ಆಚೆ ಸಹ್ಯಾದ್ರಿ ಹತ್ತುವ ಒಂದು ರಸ್ತೆಯ ಕಾಮಗಾರಿ ನಡೆದಿತ್ತು. ಯಾವ ರಸ್ತೆ, ಯಾವ ಗುತ್ತಿಗೆದಾರ ಅನ್ನೋದು ಈಗ ಬೇಡ. ಕಲ್ಲು ಕಡಿಯುವ ಕೆಲಸಕ್ಕೆ ಬಂದಿದ್ದ ನೂರ ನಲವತ್ತು ಜನರಲ್ಲಿ ಮುಕ್ಕಾಲು ಪಾಲು ಬಿಜಾಪುರ, ಗುಲ್ಬರ್ಗಾ ಕಡೆಯವರು. ಶನಿವಾರ ಪಗಾರ. ಗುತ್ತಿಗೆದಾರನ ಗುಮಾಸ್ತ ಶುಕ್ರವಾರ ಚೆಕ್ ತಂದು, ಹತ್ತು ಇಪ್ಪತ್ತರ ನೋಟುಗಳಲ್ಲಿ ಹಣ ಕೇಳುತ್ತಿದ್ದ. ಫೆಬ್ರವರಿಯ ಒಂದು ಶುಕ್ರವಾರ ಮ್ಯಾನೇಜರ್ ರಜೆಯ ಮೇಲೆ, ಶಾಖೆ ನನ್ನ ಕೈಯಲ್ಲಿ. ಚೆಕ್ ಬಂತು. ಖಾತೆ ತೆಗೆದು ನೋಡಿದರೆ ಮಿತಿ ದಾಟಿ ಹೋಗಿದೆ. ಸ್ಟಾಕ್ ಸ್ಟೇಟ್‌ಮೆಂಟ್ ಎರಡು ತಿಂಗಳಿಂದ ಬಂದಿಲ್ಲ, ಡ್ರಾಯಿಂಗ್ ಪವರ್ ಇಲ್ಲ. ಇಲಾಖೆಯಿಂದ ಬರಬೇಕಾದ ಬಿಲ್ಲು ಇನ್ನೂ ಬಂದಿಲ್ಲ. ಪ್ರಾದೇಶಿಕ ಕಚೇರಿಗೆ ಫೋನು ಹಚ್ಚಿದೆ, ಲೈನು ಸಿಗಲಿಲ್ಲ. ಸ್ವಲ್ಪ ಮಟ್ಟಿಗೆ ನನ್ನ ಅಧಿಕಾರದಲ್ಲೇ ಬಿಡಬಹುದಿತ್ತು, ಆಮೇಲೆ ಮೇಲಿನವರಿಗೆ ಬರೆದು ಮಂಜೂರು ಮಾಡಿಸಿಕೊಳ್ಳಬಹುದಿತ್ತು. ಹಿಂದೊಮ್ಮೆ ಹಾಗೆ ಬಿಟ್ಟು ವಿವರಣೆ ಬರೆದುಕೊಟ್ಟವನು ನಾನು. ಈ ಸಲ ಬಿಡಲಿಲ್ಲ. ಚೆಕ್ ವಾಪಸು ಮಾಡಿದೆ. ನಿಯಮದ ಪ್ರಕಾರ ನೂರಕ್ಕೆ ನೂರು ಸರಿ.

ಮರುವಾರವೂ ಹಣ ಬರಲಿಲ್ಲ. ಎರಡನೇ ಶನಿವಾರ ಕಳೆದ ಮೇಲೆ ಸೈಟಿನ ಕಿರಿಯ ಎಂಜಿನಿಯರ್ ಬ್ಯಾಂಕಿಗೆ ಬಂದ. “ಹಾಜರಿಯಲ್ಲಿ ಜನ ಇದ್ದಾರೆ ಸಾರ್, ಕಲ್ಲು ಮಾತ್ರ ಸರಿಯೋದಿಲ್ಲ” ಅಂದ. ಸೋಮಾರಿಗಳು ಅಂತ ಬೈದುಕೊಂಡ. ನಾನು ಅವನ ಜೀಪು ಹತ್ತಿ ಹೋಗಿ ನೋಡಿದೆ. ದಿನಸಿ ಅಂಗಡಿಯವನು ಉದ್ರಿ ನಿಲ್ಲಿಸಿದ್ದ. ಹೆಂಗಸರು ಬೆಳಗಿನ ಜಾವ ಎದ್ದು ಎರಡು ಮೈಲಿ ದೂರದ ತೋಟಕ್ಕೆ ಹೋಗಿ, ಒಂದಿಷ್ಟು ಸೋಸಿಯಲ್ಲಿ ನುಚ್ಚಕ್ಕಿ ಕಟ್ಟಿಕೊಂಡು ಮಧ್ಯಾಹ್ನ ವಾಪಸು ಬರುತ್ತಿದ್ದರು. ಅಂದರೆ ಹೊರುವ ಕೈ ಅರ್ಧ ದಿನ ಇಲ್ಲ. ಗಂಡಸರು ಕಡಿದ ಕಲ್ಲು ಅಲ್ಲೇ ಬಿದ್ದಿದೆ, ಅದನ್ನು ಸರಿಸದೆ ಮುಂದಿನದನ್ನು ಕಡಿಯೋಕೆ ಬರೋದಿಲ್ಲ. ಅರವತ್ತು ಜನ ಆಗಲೇ ಬಿಟ್ಟು ಹೋಗಿದ್ದರು. ಉಳಿದವರು ಸಂಜೆ ರೊಟ್ಟಿ ಸಿಗುತ್ತದೋ ಇಲ್ಲವೋ ಅನ್ನುವ ಯೋಚನೆಯಲ್ಲಿ ಸುತ್ತಿಗೆ ಎತ್ತುತ್ತಿದ್ದರು. ಇಡೀ ಸೈಟಿನ ಕೆಲಸ ಅರ್ಧಕ್ಕೂ ಕೆಳಗೆ ಬಂದಿತ್ತು, ಅದರಲ್ಲಿ ಯಾರ ಮೈಗಳ್ಳತನವೂ ನನಗೆ ಕಾಣಲಿಲ್ಲ.

ನಾನು ಕನ್ನಡ ಮಾತಾಡಿದ್ದು ಕೇಳಿ ಒಬ್ಬ ವಯಸ್ಸಾದ ಮೇಸ್ತ್ರಿ ಹತ್ತಿರ ಬಂದ. ಸಿಂದಗಿ ಕಡೆಯವನು.

“ನೀವು ನಮ್ಮ ಕಡ್ಯಾವ್ರೇನ್ರಿ ಸಾಹೇಬ್ರ? ನಿಮ್ಮ ಬ್ಯಾಂಕಿನ್ಯಾಗ ರೊಕ್ಕ ತೀರಿ ಹೋಗ್ಯಾವೇನ್ರಿ?”

“ರೊಕ್ಕ ಅದಾವ ಯಜಮಾನ್ರ. ನಿಮ್ಮ ಕಾಂಟ್ರಾಕ್ಟರನ ಖಾತೇದಾಗ ಇಲ್ಲ.”

ಅವನು ಸ್ವಲ್ಪ ಹೊತ್ತು ಕಡಿದ ಗುಡ್ಡದ ಕಡೆ ನೋಡಿದ. “ಮತ್ತ ನಾವು ಇಷ್ಟ ದಿನಾ ಒಡದ ಕಲ್ಲು ಯಾರ ಖಾತೇಕ್ಕ ಹೋದುವ್ರಿ?”

ನಾನು ಬಿಲ್ಲು, ಅಳತೆ ಪುಸ್ತಕ, ಇಲಾಖೆ ಅಂತ ಏನೇನೋ ಹೇಳಿದೆ. ಅವನು ತಲೆ ಆಡಿಸಿದ, ಒಪ್ಪಿ ಅಲ್ಲ, ಊರ ಕಡೆಯವನಿಗೆ ಎದುರು ಹೇಳಬಾರದು ಅಂತ.

ಬಿಟ್ಟು ಹೋದವರು ಎಲ್ಲಿಗೆ ಹೋದರು ಅಂತ ಕೇಳಿದೆ. “ರೈಲ್ವೇ ಕೆಲಸಕ್ರಿ” ಅಂದ. ಅದು ಕೊಂಕಣ ರೈಲ್ವೆಯ ಕಾಲ. 1990ರಲ್ಲಿ, ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, ಇ. ಶ್ರೀಧರನ್ ಅವರ ಕೈಗೆ ಕೊಟ್ಟ ಕೆಲಸ. ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್, 90ಕ್ಕೂ ಹೆಚ್ಚು ಸುರಂಗ. ಕಂಪನಿಯ ಬಂಡವಾಳದಲ್ಲಿ ಕರ್ನಾಟಕದ ಪಾಲು ನೂರಕ್ಕೆ ಹದಿನೈದು, ಉಳಿದ ಹಣದಲ್ಲಿ ಬಹಳಷ್ಟನ್ನು ಬಾಂಡು ಹೊರಡಿಸಿ ಎತ್ತಿದ್ದರು. ನಮ್ಮ ಬ್ಯಾಂಕಿನವರು ಊಟದ ಹೊತ್ತಿಗೆ ಮಾತಾಡುತ್ತಿದ್ದದ್ದು ಅಲ್ಲಿಯ ಇನ್ನೊಂದು ಪದ್ಧತಿಯ ಬಗ್ಗೆ. ಗುತ್ತಿಗೆದಾರ ಬಿಲ್ಲು ಕೊಟ್ಟರೆ ದೊಡ್ಡ ಪಾಲನ್ನು ತಡಮಾಡದೆ ಕೊಟ್ಟುಬಿಡುವುದು, ತಪಾಸಣೆ ಮಾಡಿ ಉಳಿದದ್ದನ್ನು ಆಮೇಲೆ ಕೊಡುವುದು. ಸರ್ಕಾರಿ ಕೆಲಸದಲ್ಲಿ ಇದು ತಲೆಕೆಳಗಾದ ಕ್ರಮ. ಅಲ್ಲೂ ಕಷ್ಟ ಕಡಿಮೆ ಇರಲಿಲ್ಲ. ಮೆತ್ತನೆ ಜೇಡಿಯ ಸುರಂಗಗಳು ಅಗೆದಂತೆ ಕುಸಿಯುತ್ತಿದ್ದವು, ಒಟ್ಟು 74 ಜನ ಸತ್ತರು. ಆದರೂ 1998ರ ಜನವರಿಯಲ್ಲಿ ಲೈನು ಮುಗಿಯಿತು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಉಡುಪಿ, ಕುಂದಾಪುರದ ಹುಡುಗರು ಬಸ್ಸಿನಲ್ಲಿ ಇಡೀ ರಾತ್ರಿ, ಮರುದಿನವೂ ಕುಲುಕಿ ಊರು ಮುಟ್ಟುವ ಕಾಲ ಅಲ್ಲಿಗೆ ಮುಗಿಯಿತು. ಅವರ ಸಂತೋಷವನ್ನು ಮುಂಬಯಿಯ ಕನ್ನಡ ಸಂಘಗಳಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ.

ಮತ್ತೆ ಬೋರ್ ಘಾಟಿಗೆ ಬರೋಣ. ಫೆವಿಯೆಲ್ ಬಿಟ್ಟ ಮೇಲೆ ಕೆಲವು ತಿಂಗಳು ಕಂಪನಿಯೇ ಕೆಲಸ ನಡೆಸಿತು. ಆಮೇಲೆ ಸಾಲೊಮನ್ ಟ್ರೆಡ್‌ವೆಲ್ ಅನ್ನುವವನಿಗೆ ಗುತ್ತಿಗೆ ಕೊಟ್ಟರು. ಅವನು 1859ರ ಸೆಪ್ಟೆಂಬರಿನಲ್ಲಿ ಹೆಂಡತಿಯ ಜೊತೆ ಬಂದಿಳಿದ, ಕೆಲವೇ ವಾರಗಳಲ್ಲಿ ಕಾಯಿಲೆಯಾಗಿ ತೀರಿಕೊಂಡ. ಹೆಂಡತಿ ಆಲಿಸ್ ಊರಿಗೆ ವಾಪಸು ಹೋಗುತ್ತಾಳೆ ಅಂತ ಎಲ್ಲರೂ ಅಂದುಕೊಂಡಿರಬೇಕು. ಅವಳು ಗುತ್ತಿಗೆಯನ್ನು ತಾನೇ ಮುಂದುವರಿಸಿ, ಆಡಮ್ಸನ್ ಮತ್ತು ಕ್ಲೌಸರ್ ಎಂಬ ಇಬ್ಬರು ಎಂಜಿನಿಯರುಗಳನ್ನು ಮೇಲ್ವಿಚಾರಣೆಗೆ ಇಟ್ಟಳು. ಕೆಲಸದ ಫೋಟೋಗಳನ್ನೂ ತೆಗೆದಳು. ಅವಳ ಕಾಲದಲ್ಲೇ ಆಳುಗಳ ಸಂಖ್ಯೆ 42,000ಕ್ಕೆ ಏರಿದ್ದು. ಆದರೆ ಆ ಎರಡು ಹಂಗಾಮಿನಲ್ಲಿ ಕಾಲರಾ ಗುಡಿಸಲಿನಿಂದ ಗುಡಿಸಲಿಗೆ ಹಬ್ಬಿತು. ಇಪ್ಪತ್ತೈದು ಕಿಲೋಮೀಟರ್ ಪಟ್ಟಿಯಲ್ಲಿ ಅಷ್ಟು ಜನ, ಒಂದೇ ಹಳ್ಳದ ನೀರು. ಒಂದು ಗುಂಪಿನಲ್ಲಿ ಒಬ್ಬ ಸತ್ತರೆ ಇಡೀ ಗುಂಪೇ ರಾತ್ರೋರಾತ್ರಿ ಓಡಿಹೋಗುತ್ತಿತ್ತು. ಮುಂಬಯಿಗೆ ಹೋಗುವ ವರದಿಯಲ್ಲಿ ಅದು ಆಳುಗಳ ಕೊರತೆ.

ಇನ್ನು ಸರ್ಕಾರ ಏನು ಮಾಡಿತು? 1860ರಲ್ಲಿ ಒಂದು ಕಾಯ್ದೆ ತಂದಿತು. ರೈಲ್ವೆ, ಕಾಲುವೆ ಮುಂತಾದ ಕೆಲಸಗಳಲ್ಲಿ ಕೂಲಿಯ ತಕರಾರು ಬಂದರೆ ಮ್ಯಾಜಿಸ್ಟ್ರೇಟ್ ಅಲ್ಲೇ ವಿಚಾರಣೆ ಮಾಡಿ ತೀರ್ಪು ಕೊಡಬಹುದು. ಕೂಲಿ ಬಾರದವನಿಗೆ ಒಂದು ದಾರಿಯಾಯಿತಲ್ಲ ಅಂತ ಸಮಾಧಾನ ಪಟ್ಟುಕೊಳ್ಳುವಷ್ಟರಲ್ಲಿ ಅದೇ ಕಾಯ್ದೆಯ ಇನ್ನೊಂದು ಮುಖ ಕಾಣುತ್ತದೆ. ಒಪ್ಪಿದ ಕೆಲಸ ಬಿಟ್ಟು ಹೋದ ಆಳಿಗೆ ಜೈಲು. ಹಣ ತಡ ಮಾಡಿದವನದು ಬರೀ ಬಾಕಿ, ಕಾಲು ತೆಗೆದವನದು ಅಪರಾಧ. ಈ ಕಾಯ್ದೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜಾರಿಯಲ್ಲಿತ್ತು. ನನ್ನ ಸಿಂದಗಿ ಮೇಸ್ತ್ರಿಯ ಗುಂಪಿನ ಅರವತ್ತು ಜನ 1860ರಲ್ಲಿ ಹಾಗೆ ಎದ್ದು ಹೋಗಿದ್ದರೆ ಅವರನ್ನು ಹಿಡಿದು ತರಬಹುದಿತ್ತು.

1863ರ ಏಪ್ರಿಲ್ 21ರಂದು ಮುಂಬಯಿಯ ಗವರ್ನರ್ ಬಾರ್ಟ್ಲ್ ಫ್ರೇರ್ ಘಟ್ಟದ ಲೈನನ್ನು ಉದ್ಘಾಟಿಸಿದ. ಗೆರೆ ಎಳೆದ ಬರ್ಕ್‌ಲಿ ಹಿಂದಿನ ವರ್ಷವೇ ಇಂಗ್ಲೆಂಡಿನಲ್ಲಿ ತೀರಿಕೊಂಡಿದ್ದ. ನಾಲ್ಕು ವರ್ಷದ ಮೇಲೆ, 1867ರ ಮಳೆಗಾಲದಲ್ಲಿ, ಘಟ್ಟದ ದೊಡ್ಡ ಸೇತುವೆಗಳಲ್ಲಿ ಒಂದು ಕುಸಿದು ಬಿತ್ತು, ಮತ್ತೆ ಕಟ್ಟಿದರು. ಗಾಡಿ ಹಿಮ್ಮುಖವಾಗುತ್ತಿದ್ದ ಆ ಜಾಗ 1929ರಲ್ಲಿ ಹೊಸ ದಾರಿಯಾಗುವ ತನಕ ಬಳಕೆಯಲ್ಲಿತ್ತು.

ನಮ್ಮ ರಸ್ತೆಯ ಹಣ ಮೂರನೇ ಶನಿವಾರ ಬಂತು. ಇಲಾಖೆಯ ಬಿಲ್ಲು ಜಮೆಯಾದ ಗಳಿಗೆಯಲ್ಲೇ ನಾನು ಚೆಕ್ ಪಾಸು ಮಾಡಿ, ಗುಮಾಸ್ತನ ಜೊತೆ ಸೈಟಿಗೂ ಹೋದೆ. ಹೋಗಬೇಕಾದ ಕೆಲಸ ನನ್ನದಲ್ಲ. ಕರೆದ ಹೆಸರುಗಳಲ್ಲಿ ಅರವತ್ತಕ್ಕೆ ಉತ್ತರ ಬರಲಿಲ್ಲ. ಅವರ ಹಣವನ್ನು ಗುಮಾಸ್ತ ವಾಪಸು ಚೀಲಕ್ಕೆ ಹಾಕಿಕೊಂಡ. “ಅವರಿಗೆ ತಲುಪಿಸ್ತೀವಿ ಸಾಹೇಬ್ರೆ” ಅಂದ. ತಲುಪಿತೇ ಅಂತ ನಾನು ವಿಚಾರಿಸಲಿಲ್ಲ. ವಿಚಾರಿಸಬಹುದಿತ್ತು.

ಮಾರನೇ ಸೋಮವಾರ ಮೇಸ್ತ್ರಿ ಇಬ್ಬರು ಹುಡುಗರನ್ನು ಕರಕೊಂಡು ಬ್ಯಾಂಕಿಗೆ ಬಂದ. ರೊಕ್ಕ ಗುಡಿಸಲಿನಲ್ಲಿ ಇಟ್ಟರೆ ಉಳಿಯೋದಿಲ್ಲ, ಖಾತೆ ತೆಗೀರಿ ಅಂದ. ಆ ಕಾಲದಲ್ಲಿ ಖಾತೆಗೆ ಈಗಾಗಲೇ ಖಾತೆ ಇರುವ ಒಬ್ಬರ ಪರಿಚಯದ ಸಹಿ ಬೇಕು. ಆ ಊರಿನಲ್ಲಿ ಅವರನ್ನು ಬಲ್ಲವರು ಯಾರು? ನಮ್ಮ ಕ್ಯಾಷಿಯರ್ ಫಾರಂ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದ. ಅಧಿಕಾರಿಗಳು ಗ್ರಾಹಕರನ್ನು ಪರಿಚಯಿಸಬಾರದು ಅಂತ ಮ್ಯಾನೇಜರ್ ಆಗಾಗ ಎಚ್ಚರಿಸುತ್ತಿದ್ದರು. ಪರಿಚಯಿಸಿದವರು ಎಂಬ ಜಾಗದಲ್ಲಿ ನನ್ನ ಉಳಿತಾಯ ಖಾತೆಯ ನಂಬರು ಬರೆದು ಸಹಿ ಹಾಕಿದೆ. ಎಷ್ಟು ವರ್ಷದಿಂದ ಬಲ್ಲಿರಿ ಅನ್ನುವ ಕಡೆ ಸ್ವಲ್ಪ ಹೊತ್ತು ಪೆನ್ನು ನಿಂತಿತು. ಕೊನೆಗೆ ಖಾಲಿ ಬಿಟ್ಟೆ. ಮೂರು ಹೆಬ್ಬೆಟ್ಟು, ಮೂರು ಪಾಸ್‌ಬುಕ್. ಮಳೆ ಶುರುವಾಗುವ ಮುಂಚೆ ಮೇಸ್ತ್ರಿ ಎಲ್ಲ ಹಣ ತೆಗೆದುಕೊಂಡು ಊರಿಗೆ ಹೋದ. ಖಾತೆ ಮುಚ್ಚದಿರಲಿ ಅಂತ ಹತ್ತಿಪ್ಪತ್ತು ರೂಪಾಯಿ ಅದರಲ್ಲೇ ಬಿಟ್ಟಿದ್ದ.